ಆಜ್ಞೆ ಮತ್ತು ಸಾಕ್ಷಿ: ಗಣಕಯಂತ್ರದ ಇಂದ್ರಿಯಗಳ ವಿಚಾರ

ಕೊಳ್ಳೇಗಾಲದಿಂದ ಯಳಂದೂರನ್ನು ಹಾದು ಚಾಮರಾಜನಗರಕ್ಕೆ ಹೋಗುವ ಹೆದ್ದಾರಿಗೆ ತಿರುಮಕೂಡಲು ನರಸೀಪುರದ ಕಡೆಯ ದಾರಿಯು ಬಂದು ಕೂಡುವ ಎಡೆಯಲ್ಲಿರುವ ಸಂತೆಮರಹಳ್ಳಿಯು, ಹೆಸರೇ ಸಾರುವಂತೆ, ಸಂತೆಯ ಊರು. ಆದರೆ ೨೦೦೪ರಲ್ಲಿ ಅದರ ಹೆಸರು ನಾಡಿನಾಚೆಗೂ ಕೇಳಿಬಂದದ್ದು ಬೇರೊಂದು ಕಾರಣದಿಂದ. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಮೀಸಲು ಕ್ಷೇತ್ರದಿಂದ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ೪೦,೭೫೨ ಮತಗಳೂ ಜಾತ್ಯತೀತ ಜನತಾದಳದ ಎ. ಆರ್. ಕೃಷ್ಣಮೂರ್ತಿ ಅವರಿಗೆ ೪೦,೭೫೧ ಮತಗಳೂ ದೊರೆತು, ಒಂದೇ ಒಂದು ಮತದ ಅಂತರದಿಂದ ಗೆಲವು ನಿರ್ಣೀತವಾಯಿತು. ದೇಶದ ಎಲ್ಲ ಮತಗಟ್ಟೆಗಳಲ್ಲಿಯೂ ವಿದ್ಯುನ್ಮಾನ ಮತಯಂತ್ರಗಳನ್ನು ಇರಿಸಿದ ಮೊದಲನೆಯ ಮಹಾಚುನಾವಣೆ ನಡೆದದ್ದೂ ಅದೇ ವರ್ಷ. ಆದಕಾರಣ, ಅಂಚೆಯ ಮತಗಳನ್ನು ಬಿಟ್ಟರೆ, ಈ ಎಂಬತ್ತೊಂದು ಸಾವಿರಕ್ಕೂ ಮಿಕ್ಕ ಮತಗಳಲ್ಲಿ ಪ್ರತಿಯೊಂದೂ ಹುಟ್ಟಿದ ಬಗೆ ಹೀಗೆ: ಒಂದು ಬೆರಳು ನೀಲಿಯ ಗುಂಡಿಯನ್ನು ಒತ್ತಿತು, ಗುಂಡಿಯ ಕೆಳಗೆ ವಿದ್ಯುತ್ತಿನ ದಾರಿ ಕೂಡಿತು, ಐದು ಮೀಟರು ಉದ್ದದ ಕೇಬಲ್ಲಿನಲ್ಲಿ ಸಂಕೇತವೊಂದು ಹರಿಯಿತು, ಕೇಬಲ್ಲಿನ ಆಚೆಯ ತುದಿಯ ಪೆಟ್ಟಿಗೆಯೊಳಗೆ ಒಂದು ಸಂಖ್ಯೆಗೆ ಒಂದು ಕೂಡಿಕೊಂಡಿತು. ಮನುಷ್ಯನ ಇಚ್ಛೆಯು ವಿದ್ಯುತ್ತಿನ ಮಿಡಿತವಾಗಿ, ಮಿಡಿತವು ಎಣಿಕೆಯಾಗಿ, ಎಣಿಕೆಯು ಒಂದು ಕ್ಷೇತ್ರದ ಪ್ರಾತಿನಿಧ್ಯವಾಗಿ ಪರಿಣಮಿಸುವ ಈ ಕ್ರಮವನ್ನು ಬಲ್ಲವರಿಗೆ ಒಂದು ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ಎಣಿಸುವುದೊಂದನ್ನೇ ಬಲ್ಲ ಯಂತ್ರವು ತನ್ನ ಹೊರಗಿನ ಲೋಕದೊಡನೆ ಸಂಬಂಧ ಬೆಳೆಸುವುದು ಹೇಗೆ, ಮತ್ತು ಆ ಸಂಬಂಧವನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು?

ಗಣಕಯಂತ್ರವನ್ನು ಕುರಿತು ಬರೆಯುವವರು ಪ್ರಾಯಶಃ ಅದರ ವೇಗವನ್ನೂ ಸ್ಮರಣಶಕ್ತಿಯನ್ನೂ ಕೊಂಡಾಡುತ್ತಾರೆ. ಅದರ ಕೈಕಾಲುಗಳನ್ನೂ ಕಣ್ಣುಕಿವಿಗಳನ್ನೂ ಕುರಿತು ಹೇಳುವವರು ವಿರಳ. ನಮ್ಮ ಪೂರ್ವಿಕರು ದೇಹತತ್ತ್ವವನ್ನು ವಿಚಾರಿಸುವಾಗ ಐದು ಜ್ಞಾನೇಂದ್ರಿಯಗಳನ್ನೂ ಐದು ಕರ್ಮೇಂದ್ರಿಯಗಳನ್ನೂ ಎಣಿಸಿ, ಅವೆರಡನ್ನೂ ನಡೆಸತಕ್ಕ ಮನಸ್ಸನ್ನು ನಡುವೆ ಇರಿಸಿದರು. ಕಣ್ಣಿಲ್ಲದ ಮನಸ್ಸಿಗೆ ರೂಪವಿಲ್ಲ. ಕೈಯಿಲ್ಲದ ಸಂಕಲ್ಪಕ್ಕೆ ಕಾರ್ಯವಿಲ್ಲ. ಗಣಕಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಹೊರಗಣ ಶಾಖವನ್ನೋ ಭಾರವನ್ನೋ ಬೆಳಕನ್ನೋ ಸಂಖ್ಯೆಯಾಗಿಸಿ ಒಳಕ್ಕೆ ತರತಕ್ಕ ಅಂಗಗಳು ಒಂದು ವರ್ಗ. ಒಳಗಣ ಸಂಖ್ಯೆಯನ್ನು ಚಲನೆಯಾಗಿಯೋ ದೀಪವಾಗಿಯೋ ಅಚ್ಚಾದ ಅಕ್ಷರವಾಗಿಯೋ ಹೊರಕ್ಕೆ ಒಯ್ಯತಕ್ಕ ಅಂಗಗಳು ಇನ್ನೊಂದು ವರ್ಗ. ಇವೆರಡನ್ನೂ ಬೆಸೆಯುವ ತಂತಿಗಳೂ ಆ ತಂತಿಗಳ ಮೇಲೆ ನಡೆಯತಕ್ಕ ಮಾತಿನ ನಿಯಮಗಳೂ ಮೂರನೆಯದು. ಈ ಮೂರನ್ನೂ ಸಾವಧಾನವಾಗಿ ಪರಿಶೀಲಿಸಿದವರಿಗೆ ಒಂದೇ ತತ್ತ್ವವು ಮರಳಿ ಮರಳಿ ಎದುರಾಗುತ್ತದೆ. ಆಜ್ಞೆ ಹೋದರೆ ಸಾಲದು, ಸಾಕ್ಷಿ ಮರಳಬೇಕು ಎಂಬುದೇ ಆ ತತ್ತ್ವ.

ಮೊದಲು ಜ್ಞಾನೇಂದ್ರಿಯಗಳ ಮಾತು. ಸಂತೆಮರಹಳ್ಳಿಗೆ ಅನತಿದೂರದ ಕುದೇರಿನಲ್ಲಿ ಚಾಮರಾಜನಗರ ಹಾಲು ಒಕ್ಕೂಟದ ಡೇರಿಯಿದೆ; ಹಳ್ಳಿಹಳ್ಳಿಯ ಸಹಕಾರ ಸಂಘಗಳಲ್ಲಿ ಕೂಡಿದ ಹಾಲು ಒಕ್ಕೂಟವನ್ನು ಸೇರುತ್ತದೆ. ಹಿಂದೆ ಸಂಘಗಳಲ್ಲಿ ಹಾಲನ್ನು ಪಾತ್ರೆಯಿಂದ ಅಳೆದು, ಲ್ಯಾಕ್ಟೋಮೀಟರನ್ನು ತೇಲಿಬಿಟ್ಟು ಡಿಗ್ರಿ ನೋಡಿ, ಗರ್ಬರ್ ಪದ್ಧತಿಯಂತೆ ಗಂಧಕಾಮ್ಲವನ್ನು ಬೆರೆಸಿ ಕೊಳವೆಯನ್ನು ತಿರುಗಿಸಿ ಫ್ಯಾಟಿನ ಅಂಶವನ್ನು ಕಂಡುಕೊಂಡು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವ ವಾಡಿಕೆಯಿತ್ತು. ಈಗ ಸ್ವಯಂಚಾಲಿತ ಸಂಗ್ರಹಣ ಘಟಕವಿರುವ ಸಂಘಗಳಲ್ಲಿ ತಕ್ಕಡಿ, ಫ್ಯಾಟು ಅಳೆಯುವ ಉಪಕರಣ, ಗಣಕ, ಮುದ್ರಕ ಈ ನಾಲ್ಕೂ ತಂತಿಗಳಿಂದ ಬಂಧಿತವಾಗಿ ಒಂದೇ ದೇಹದಂತೆ ಕೆಲಸಮಾಡುತ್ತವೆ. ತಕ್ಕಡಿಯ ಅಡಿಯಲ್ಲಿರುವುದು ಭಾರವನ್ನು ಅರಿಯುವ ಒಂದು ಲೋಹದ ದಿಂಡು. ಅದರ ಮೈಗೆ ಅತಿ ತೆಳ್ಳಗಿನ ವಾಹಕದ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಹಾಲಿನ ಭಾರಕ್ಕೆ ದಿಂಡು ಕಣ್ಣಿಗೆ ಕಾಣದಷ್ಟು ಬಾಗಿದೊಡನೆ ಪಟ್ಟಿಗಳು ಅಷ್ಟೇ ಸೂಕ್ಷ್ಮವಾಗಿ ಹಿಗ್ಗಿ, ಅವುಗಳ ವಿದ್ಯುನ್ನಿರೋಧವು ಕಿಂಚಿತ್ತು ಬದಲಾಗುತ್ತದೆ. ಫ್ಯಾಟು ಅಳೆಯುವ ಉಪಕರಣಗಳಲ್ಲಿಯೂ ಹೀಗೆಯೇ: ಕೆಲವು ಹಾಲಿನಲ್ಲಿ ಬೆಳಕು ಚದುರುವ ಬಗೆಯನ್ನು ನೋಡುತ್ತವೆ, ಕೆಲವು ಶ್ರವಣಾತೀತ ಧ್ವನಿಯು ಹಾಲಿನಲ್ಲಿ ಸಾಗುವ ವೇಗವನ್ನು ನೋಡುತ್ತವೆ. ಲೋಕದ ಗುಣವೊಂದು ವಿದ್ಯುತ್ತಿನ ಗುಣವಾಗಿ ಮಾರ್ಪಡದ ಹೊರತು ಗಣಕಕ್ಕೆ ಅದು ಇಲ್ಲವೆಂದೇ ಅರ್ಥ.

ಮಾರ್ಪಟ್ಟರೂ ಕೆಲಸ ಮುಗಿಯದು. ಇಂಥ ದಿಂಡಿಗೆ ೫ ವೋಲ್ಟುಗಳನ್ನು ಕೊಟ್ಟರೆ, ಪೂರ್ಣಭಾರವನ್ನು ಹೊತ್ತಾಗಲೂ ಅದು ಹಿಂದಿರುಗಿಸುವುದು ಸಾಮಾನ್ಯವಾಗಿ ೧೦ ಮಿಲಿವೋಲ್ಟುಗಳಷ್ಟು ಮಾತ್ರ. ಏರಿಳಿಯುವ ವೋಲ್ಟೇಜನ್ನು ಸಂಖ್ಯೆಯಾಗಿಸುವ ಪರಿವರ್ತಕವು ೧೦ ಬಿಟ್ಟಿನದಾದರೆ ೫ ವೋಲ್ಟುಗಳನ್ನು ೧,೦೨೪ ಮೆಟ್ಟಿಲುಗಳಾಗಿ ಕಡಿಯುತ್ತದೆ. ಒಂದೊಂದು ಮೆಟ್ಟಿಲೂ ೫ ಮಿಲಿವೋಲ್ಟಿಗೆ ತುಸು ಕಡಿಮೆ. ಅಂದಮೇಲೆ ನೇರವಾಗಿ ಜೋಡಿಸಿದಲ್ಲಿ ಬರಿದಾದ ಕ್ಯಾನಿನಿಂದ ತುಂಬಿದ ಕ್ಯಾನಿನವರೆಗೆ ಗಣಕಕ್ಕೆ ಕಾಣುವುದು ಎರಡೇ ಮೆಟ್ಟಿಲು. ರೈತನ ಅರ್ಧ ಲೀಟರು ಹಾಲು ಆ ಮೆಟ್ಟಿಲುಗಳ ನಡುವೆ ಕಾಣದೆ ಹೋಗುತ್ತದೆ. ಆದುದರಿಂದಲೇ ಸಂಕೇತವನ್ನು ಮೊದಲು ನೂರುಪಟ್ಟಿಗೂ ಮೀರಿ ವರ್ಧಿಸಿ, ೨೪ ಬಿಟ್ಟಿನ, ಎಂದರೆ ಒಂದೂವರೆ ಕೋಟಿಗೂ ಹೆಚ್ಚು ಮೆಟ್ಟಿಲುಗಳ, ಪರಿವರ್ತಕಕ್ಕೆ ಒಪ್ಪಿಸುವ ಪದ್ಧತಿ ಬಂದಿದೆ. ಇಷ್ಟೆಲ್ಲ ಸಾಹಸದ ಕೊನೆಯಲ್ಲಿ ಮುದ್ರಕದಿಂದ ಹೊರಬೀಳುವ ಒಂದು ಚೀಟಿ ರೈತನ ಕೈಸೇರುತ್ತದೆ: ಇಷ್ಟು ಲೀಟರು, ಇಷ್ಟು ಫ್ಯಾಟು, ಇಷ್ಟು ಎಸ್‌ಎನ್‌ಎಫ್ ಎಂಬ ಫ್ಯಾಟಲ್ಲದ ಘನಾಂಶ, ಇಷ್ಟು ಹಣ. ಯಂತ್ರವು ಕಂಡದ್ದನ್ನು ಕಂಡಂತೆಯೇ ಹಾಲು ಹಾಕಿದವನಿಗೆ ತೋರಿಸುವ ಈ ಚೀಟಿಯೇ ಆ ಸಮಸ್ತ ಏರ್ಪಾಡಿನ ನೈತಿಕ ಭಾಗವೆಂದು ನಾನು ತಿಳಿಯುತ್ತೇನೆ.

ಇನ್ನು ಕರ್ಮೇಂದ್ರಿಯಗಳು. ಗುಂಡ್ಲುಪೇಟೆ, ಚಾಮರಾಜನಗರ ತಾಲೂಕುಗಳಲ್ಲಿ ಅರಿಸಿನವನ್ನೂ ಬಾಳೆಯನ್ನೂ ಬೆಳೆಯುವ ರೈತರಿಗೆ ತ್ರೀಫೇಸ್ ಕರೆಂಟು ಬರುವ ಹೊತ್ತೇ ಬಾವಿಯ ಹೊತ್ತು. ಅದು ನಡುರಾತ್ರಿಯಾದರೆ ಹಾವಿಗೂ ಕಾಡುಪ್ರಾಣಿಗೂ ಅಂಜಿಕೊಂಡೇ ಪಂಪ್‌ಸೆಟ್ಟಿನ ಮನೆಗೆ ನಡೆಯಬೇಕಾಗುತ್ತಿತ್ತು. ಮೊಬೈಲ್ ಸ್ಟಾರ್ಟರ್ ಎಂಬ ಪೆಟ್ಟಿಗೆಯು ಈ ಕಷ್ಟವನ್ನು ಬಹುಮಟ್ಟಿಗೆ ಕಳೆದಿದೆ. ಪೆಟ್ಟಿಗೆಯೊಳಗೆ ಒಂದು ಸಿಮ್ಮು, ಒಂದು ಸಣ್ಣ ಗಣಕಚಿಪ್ಪು. ಮನೆಯಿಂದಲೇ ಕರೆಮಾಡಿ ಅಂಕಿಯೊಂದನ್ನು ಒತ್ತಿದರೆ ಮೋಟಾರು ಓಡುತ್ತದೆ. ಇಲ್ಲಿ ಆಶ್ಚರ್ಯಪಡತಕ್ಕದ್ದು ಬಲದ ಏಣಿಯನ್ನು ಕಂಡು. ಚಿಪ್ಪಿನ ಒಂದು ಕಾಲಿನಿಂದ ನಿರಪಾಯವಾಗಿ ತೆಗೆಯಬಹುದಾದದ್ದು ಸುಮಾರು ೨೦ ಮಿಲಿಆಂಪಿಯರು. ಪುಟ್ಟ ರಿಲೇ ಒಂದರ ಸುರುಳಿಗೆ ಬೇಕಾದದ್ದು ೭೦ಕ್ಕೂ ಹೆಚ್ಚು. ಐದು ಅಶ್ವಶಕ್ತಿಯ ಮೋಟಾರು ೪೧೫ ವೋಲ್ಟುಗಳಲ್ಲಿ ಏಳೆಂಟು ಆಂಪಿಯರುಗಳನ್ನು ಎಳೆಯುತ್ತದೆ. ಆದ್ದರಿಂದ ಚಿಪ್ಪು ಟ್ರಾನ್ಸಿಸ್ಟರಿಗೆ ಹೇಳುತ್ತದೆ, ಟ್ರಾನ್ಸಿಸ್ಟರು ರಿಲೇಗೆ ಹೇಳುತ್ತದೆ, ರಿಲೇ ಕಾಂಟ್ಯಾಕ್ಟರಿಗೆ ಹೇಳುತ್ತದೆ, ಕಾಂಟ್ಯಾಕ್ಟರು ಮೋಟಾರನ್ನು ಎಬ್ಬಿಸುತ್ತದೆ. ದೊರೆಯ ಮೆಲುನುಡಿಯು ಮಂತ್ರಿಯಿಂದ ದಳವಾಯಿಗೂ ದಳವಾಯಿಯಿಂದ ಸೇನೆಗೂ ಇಳಿದಂತೆ. ಸುರುಳಿಯ ಪ್ರವಾಹವನ್ನು ತಟ್ಟನೆ ಕಡಿದಾಗ ಹಿಮ್ಮೆಟ್ಟಿ ಚಿಮ್ಮುವ ವೋಲ್ಟೇಜು ಟ್ರಾನ್ಸಿಸ್ಟರನ್ನು ಸುಡದಂತೆ ಒಂದು ಡಯೋಡು ಕಾವಲಿರುತ್ತದೆ. ಬಲವಾದ ವಿದ್ಯುತ್ತು ದುರ್ಬಲವಾದ ಚಿಪ್ಪಿನತ್ತ ನುಗ್ಗದಂತೆ, ನಡುವೆ ತಂತಿಯನ್ನೇ ಕಡಿದು ಬೆಳಕಿನ ಮೂಲಕ ಮಾತ್ರ ಸಂಕೇತವನ್ನು ದಾಟಿಸುವ ಉಪಾಯವೂ ಉಂಟು.

ಆದರೆ ಈ ಪೆಟ್ಟಿಗೆಗಳಲ್ಲಿ ಒಳ್ಳೆಯದಾವುದು, ಕೀಳಾದದ್ದಾವುದು ಎಂದು ರೈತನು ನಿರ್ಣಯಿಸುವುದು ಮೋಟಾರನ್ನು ಎಬ್ಬಿಸುವ ಚಾತುರ್ಯದಿಂದಲ್ಲ. ಮೋಟಾರು ನಿಜವಾಗಿಯೂ ಓಡುತ್ತಿದೆಯೆ, ಬಾವಿಯಲ್ಲಿ ನೀರು ಬತ್ತಿ ಬರಿದೆ ತಿರುಗುತ್ತಿದೆಯೆ, ಮೂರು ಫೇಸುಗಳಲ್ಲಿ ಒಂದು ತಪ್ಪಿದೆಯೆ ಎಂಬುದನ್ನು ಪ್ರವಾಹವನ್ನು ಅಳೆದು ಅರಿತು, ತಾನೇ ನಿಲ್ಲಿಸಿ, ಮರಳಿ ಸುದ್ದಿ ಕಳುಹಿಸುವ ಪೆಟ್ಟಿಗೆಯೇ ಒಳ್ಳೆಯದು. ಆಜ್ಞೆಯನ್ನಷ್ಟೇ ಬಲ್ಲ ಪೆಟ್ಟಿಗೆಯು ಕತ್ತಲಲ್ಲಿ ಕಲ್ಲೆಸೆದಂತೆ. ಒಂದೇ ರಾತ್ರಿಯಲ್ಲಿ ಮೋಟಾರಿನ ಸುರುಳಿ ಸುಟ್ಟುಹೋದೀತು. ಆಜ್ಞೆಯ ಫಲವನ್ನು ಅಳೆದು ಆಜ್ಞೆಯನ್ನೇ ತಿದ್ದಿಕೊಳ್ಳುವ ಈ ಕ್ರಮವನ್ನು ಶಾಸ್ತ್ರಜ್ಞರು ಪುನರ್ನಿವೇಶನವೆಂದೋ ಫೀಡ್‌ಬ್ಯಾಕ್ ಎಂದೋ ಕರೆಯುತ್ತಾರೆ. ಹೆಸರು ಯಾವುದಾದರೂ ಆಗಲಿ, ಮರಳಿ ಬರುವ ಸಾಕ್ಷಿಯಿಲ್ಲದೆ ನಿಯಂತ್ರಣವೆಂಬುದಿಲ್ಲ.

ತಂತಿಗಳ ಇತಿಹಾಸವನ್ನು ನೋಡಿದರೂ ಇದೇ ಪಾಠ. ಸೆಂಟ್ರಾನಿಕ್ಸ್ ಕಂಪನಿಯು ೧೯೭೦ರಲ್ಲಿ ತನ್ನ ಮುದ್ರಕಕ್ಕಾಗಿ ರೂಪಿಸಿ, ೧೯೮೧ರಲ್ಲಿ ಐಬಿಎಂನ ವೈಯಕ್ತಿಕ ಗಣಕದ ಮೂಲಕ ಲೋಕವ್ಯಾಪಿಯಾದ ಸಮಾಂತರ ದ್ವಾರದಲ್ಲಿ ಎಂಟು ಬಿಟ್ಟುಗಳು ಎಂಟು ತಂತಿಗಳಲ್ಲಿ ಒಮ್ಮೆಲೇ ಸಾಗುತ್ತಿದ್ದವು. ಗಣಕವು ಅಕ್ಷರವನ್ನು ತಂತಿಗಳ ಮೇಲಿರಿಸಿ, ಇದೋ ತೆಗೆದುಕೋ ಎಂದು ಬೇರೊಂದು ತಂತಿಯನ್ನು ಮಿಡಿಯುವುದು. ಮುದ್ರಕವು ತಾನು ಕೆಲಸದಲ್ಲಿರುವೆನೆಂದು ಒಂದು ತಂತಿಯಲ್ಲಿಯೂ, ಅಕ್ಷರ ತಲುಪಿತೆಂದು ಇನ್ನೊಂದರಲ್ಲಿಯೂ ಉತ್ತರಿಸುವುದು. ಇದಕ್ಕಿಂತ ಹಳೆಯದಾಗಿ ೧೯೬೦ರಲ್ಲಿಯೇ ನಿಯಮಬದ್ಧವಾದ ಆರ್‌ಎಸ್-೨೩೨ ಪದ್ಧತಿಯಲ್ಲಿ ಬಿಟ್ಟುಗಳು ಇರುವೆಯ ಸಾಲಿನಂತೆ ಒಂದರ ಹಿಂದೆ ಒಂದು ಒಂದೇ ತಂತಿಯಲ್ಲಿ ನಡೆಯುತ್ತವೆ. ಆರಂಭಕ್ಕೊಂದು ಬಿಟ್ಟು, ಅಕ್ಷರಕ್ಕೆ ಎಂಟು, ಮುಕ್ತಾಯಕ್ಕೊಂದು, ಹೀಗೆ ಹತ್ತು ಬಿಟ್ಟುಗಳಿಗೆ ಒಂದು ಅಕ್ಷರ. ಸೆಕೆಂಡಿಗೆ ೯,೬೦೦ ಬಿಟ್ಟುಗಳ ವೇಗದಲ್ಲಿ ೯೬೦ ಅಕ್ಷರಗಳು. ಇಂದಿನ ಎಣಿಕೆಯಲ್ಲಿ ಅದು ಬಸವನಹುಳುವಿನ ನಡಿಗೆಯಾದರೂ, ತಕ್ಕಡಿಯೊಂದು ತನ್ನ ತೂಕವನ್ನು ಹೇಳಿಕೊಳ್ಳಲು ಅಷ್ಟು ಧಾರಾಳವಾಗಿ ಸಾಕು; ಆದಕಾರಣವೇ ಅಂಗಡಿಯ ತಕ್ಕಡಿಗಳಲ್ಲಿ ಆ ಹಳೆಯ ದ್ವಾರವು ಇಂದಿಗೂ ಬಾಳಿಕೊಂಡು ಬಂದಿದೆ.

ಒಂದೊಂದು ಉಪಕರಣಕ್ಕೂ ಒಂದೊಂದು ಬಗೆಯ ದ್ವಾರವೆಂಬ ಗೊಂದಲಕ್ಕೆ ಪರಿಹಾರವಾಗಿ ೧೯೯೬ರಲ್ಲಿ ಯುಎಸ್‌ಬಿ ಪದ್ಧತಿ ಬಂದಿತು. ಬರೋಡದಲ್ಲಿ ಓದಿ ಇಂಟೆಲ್ ಸಂಸ್ಥೆಯನ್ನು ಸೇರಿದ ಅಜಯ್ ಭಟ್ ಅವರು ಇದರ ಪ್ರಮುಖ ಶಿಲ್ಪಿಗಳಲ್ಲಿ ಒಬ್ಬರು. ಮೊದಲ ರೂಪದಲ್ಲಿ ನಾಲ್ಕೇ ತಂತಿಗಳು, ಎರಡು ಬಲಕ್ಕೆ, ಎರಡು ಮಾತಿಗೆ. ಒಂದು ದ್ವಾರದ ವಂಶದಲ್ಲಿ ೧೨೭ ಉಪಕರಣಗಳವರೆಗೆ ಇರಬಹುದು. ಹೊಸದಾಗಿ ಚುಚ್ಚಿದ ಉಪಕರಣವನ್ನು ಗಣಕವು ಮೊದಲು ನೀನಾರೆಂದು ಕೇಳುತ್ತದೆ; ಅದು ತನ್ನ ತಯಾರಕರ ಸಂಖ್ಯೆಯನ್ನೂ ತನ್ನ ಜಾತಿಯನ್ನೂ ನಿವೇದಿಸಿದ ಮೇಲೆಯೇ ವ್ಯವಹಾರ. ಚಿಪ್ಪುಗಳ ಮಟ್ಟದಲ್ಲಿ ಫಿಲಿಪ್ಸ್ ಸಂಸ್ಥೆಯು ೧೯೮೨ರಲ್ಲಿ ರೂಪಿಸಿದ ಐ-ಸ್ಕ್ವೇರ್-ಸಿ ಎಂಬ ಎರಡು ತಂತಿಯ ಪದ್ಧತಿಯಲ್ಲಿಯಂತೂ ಎಂಟು ಬಿಟ್ಟುಗಳಾದೊಡನೆ ಒಂಬತ್ತನೆಯ ಮಿಡಿತವನ್ನು ಕೇಳಿದವನ ಹೂಂಕಾರಕ್ಕೆಂದೇ ಬಿಟ್ಟಿದ್ದಾರೆ. ಕಥೆ ಕೇಳುವ ಮಗು ಹೂಂ ಎನ್ನದಿದ್ದರೆ ಅಜ್ಜಿ ಕಥೆಯನ್ನು ನಿಲ್ಲಿಸುವಂತೆ, ಆ ಒಂಬತ್ತನೆಯ ಮಿಡಿತಕ್ಕೆ ಉತ್ತರ ಬಾರದಿದ್ದರೆ ಹೇಳುವವನು ಅಲ್ಲಿಗೇ ನಿಲ್ಲಬೇಕು. ಕಾರ್ಖಾನೆಗಳಿಗಾಗಿ ೧೯೭೯ರ ಮಾಡ್‌ಬಸ್, ವಾಹನಗಳಿಗಾಗಿ ಬಾಷ್ ಸಂಸ್ಥೆಯು ೧೯೮೬ರಲ್ಲಿ ಪ್ರಕಟಿಸಿದ ಕ್ಯಾನ್, ಇವುಗಳ ವಿವರವು ಬೇರೆಯಾದರೂ ಧರ್ಮವು ಒಂದೇ.

ತಂತಿಯ ಮಾತು ತಾಲೂಕು ಕಚೇರಿಯ ಕಟ್ಟೆಯನ್ನು ಹತ್ತಿದಾಗ ಏನಾಯಿತೆಂಬುದಕ್ಕೆ ಭೂಮಿ ಯೋಜನೆಯೇ ನಿದರ್ಶನ. ಕರ್ನಾಟಕದಲ್ಲಿ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಇಳಿಸಿ, ೨೦೦೧ರ ಆಸುಪಾಸಿನಲ್ಲಿ ತಾಲೂಕು ಕೇಂದ್ರಗಳಿಂದ ಹದಿನೈದು ರೂಪಾಯಿಗೆ ಮುದ್ರಿತ ಪಹಣಿಯನ್ನು ಕೊಡುವ ಏರ್ಪಾಡು ನಡೆಯಿತು. ಅಲ್ಲಿ ಗಣಕಕ್ಕೆ ಜೋಡಿಸಿದ ಉಪಕರಣಗಳಲ್ಲಿ ಎರಡು ವಿಶೇಷವಾಗಿ ಗಮನಾರ್ಹ. ದಾಖಲೆಗೆ ಕೈಹಾಕುವ ನೌಕರನು ತಾನು ಯಾರೆಂಬುದನ್ನು ಬೆರಳಚ್ಚಿನಿಂದ ದೃಢಪಡಿಸಬೇಕಾದ ಓದುಗಯಂತ್ರ ಒಂದು. ನೌಕರನ ಎದುರಿನ ತೆರೆಯಲ್ಲಿ ಕಾಣುವುದನ್ನೇ ಕಿಟಕಿಯಾಚೆ ನಿಂತ ರೈತನಿಗೂ ತೋರಿಸಲು ಇಟ್ಟ ಎರಡನೆಯ ತೆರೆ ಇನ್ನೊಂದು. ಆ ಎರಡನೆಯ ತೆರೆಯಿಂದ ಗಣಕದ ವೇಗ ಎಳ್ಳಷ್ಟೂ ಹೆಚ್ಚಲಿಲ್ಲ; ಹೆಚ್ಚಿದ್ದು ರೈತನ ಅಧಿಕಾರ. ತನ್ನ ಸರ್ವೆ ನಂಬರಿನ ಮುಂದೆ ಯಾರ ಹೆಸರಿದೆಯೆಂಬುದನ್ನು ತಾನೇ ಕಾಣುವ ಹಕ್ಕು ಒಂದು ಕೇಬಲ್ಲಿನ ಮೂಲಕ ಅವನಿಗೆ ಬಂದಿತು.

ಈಗ ಮತಯಂತ್ರಕ್ಕೆ ಹಿಂದಿರುಗೋಣ. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಈ ಎರಡು ಸಂಸ್ಥೆಗಳೇ ಇದರ ನಿರ್ಮಾಪಕರು. ಬೆಂಗಳೂರಿನ ಪ್ರಯತ್ನದಲ್ಲಿ ತಮಿಳು ಓದುಗರು ಸುಜಾತ ಎಂಬ ಕಾವ್ಯನಾಮದಿಂದ ಬಲ್ಲ ಲೇಖಕ ಎಸ್. ರಂಗರಾಜನ್ ಅವರು ಪ್ರಮುಖ ಪಾತ್ರ ವಹಿಸಿದರು. ೧೯೮೨ರ ಮೇ ತಿಂಗಳಲ್ಲಿ ಕೇರಳದ ಪರೂರಿನ ಐವತ್ತು ಮತಗಟ್ಟೆಗಳಲ್ಲಿ ಮೊದಲ ಪ್ರಯೋಗ ನಡೆಯಿತಾದರೂ, ಕಾನೂನಿನ ಆಧಾರವಿಲ್ಲದೆ ಯಂತ್ರವನ್ನು ಬಳಸಲಾಗದೆಂದು ೧೯೮೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ೧೯೮೮ರಲ್ಲಿ ಶಾಸನ ತಿದ್ದುಪಡಿಯಾಗಿ, ೧೯೯೮ರಲ್ಲಿ ಹದಿನಾರು ಕ್ಷೇತ್ರಗಳಲ್ಲಿ ಬಳಕೆಯಾಗಿ, ೨೦೦೪ರಲ್ಲಿ ದೇಶವ್ಯಾಪಿಯಾಯಿತು. ಇದರ ರಚನೆಯಲ್ಲಿ ಕಲಿಯತಕ್ಕದ್ದು ಬಹಳವಿದೆ. ಮತದಾರನೆದುರಿನ ಮತಘಟಕವೂ ಅಧಿಕಾರಿಯೆದುರಿನ ನಿಯಂತ್ರಣ ಘಟಕವೂ ಬೇರೆ ಬೇರೆ. ಎಣಿಕೆಯು ನಡೆಯುವುದೂ ಉಳಿಯುವುದೂ ನಿಯಂತ್ರಣ ಘಟಕದಲ್ಲಿ. ಅಧಿಕಾರಿಯು ಬ್ಯಾಲೆಟ್ ಗುಂಡಿಯನ್ನು ಒತ್ತಿದಾಗ ಮತಘಟಕದಲ್ಲಿ ಹಸಿರು ದೀಪ ಹತ್ತುತ್ತದೆ. ಮತದಾರನು ಒತ್ತಿದ ಮೊದಲ ಗುಂಡಿ ಮಾತ್ರ ಲೆಕ್ಕಕ್ಕೆ ಸೇರಿ, ಅಭ್ಯರ್ಥಿಯ ಹೆಸರಿನ ಪಕ್ಕದ ಕೆಂಪು ದೀಪ ಬೆಳಗಿ, ದೀರ್ಘವಾದ ಬೀಪ್ ಧ್ವನಿ ಕೇಳಿಸುತ್ತದೆ. ಅಧಿಕಾರಿಯು ಮತ್ತೆ ಅನುಮತಿಸುವ ತನಕ ಎಷ್ಟು ಸಲ ಒತ್ತಿದರೂ ಫಲವಿಲ್ಲ. ಬ್ಯಾಟರಿಯಿಂದಲೇ ನಡೆಯುವುದರಿಂದ ಕರೆಂಟಿಲ್ಲದ ಕಾಡಂಚಿನ ಮತಗಟ್ಟೆಗೂ ಒಪ್ಪುತ್ತದೆ. ಹೊರಗಿನ ಯಾವ ಜಾಲಕ್ಕೂ ತಂತಿಯಿಂದಾಗಲಿ ತಂತಿಯಿಲ್ಲದೆಯಾಗಲಿ ಸೇರಿಲ್ಲ. ಎಲ್ಲಿ ಜೋಡಿಸಬೇಕೆಂಬುದನ್ನು ಬಲ್ಲುದರಷ್ಟೇ ಎಲ್ಲಿ ಜೋಡಿಸಬಾರದೆಂಬುದನ್ನು ಬಲ್ಲುದೂ ಈ ವಿದ್ಯೆಯ ಭಾಗವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ.

ಆದರೂ ಕೊರತೆಯೊಂದು ಉಳಿದಿತ್ತು. ಕೆಂಪು ದೀಪವೂ ಬೀಪ್ ಧ್ವನಿಯೂ ಗುಂಡಿ ಒತ್ತಿದ್ದಕ್ಕೆ ಸಾಕ್ಷಿಯೇ ಹೊರತು, ಒಳಗೆ ಬರೆದುಕೊಂಡದ್ದಕ್ಕೆ ಸಾಕ್ಷಿಯಲ್ಲ. ಆ ಸಾಕ್ಷಿಗಳು ಕ್ಷಣಿಕವೂ ಹೌದು. ೨೦೧೦ರಲ್ಲಿ ಹರಿಪ್ರಸಾದ್, ಅಲೆಕ್ಸ್ ಹಾಲ್ಡರ್‌ಮನ್, ರಾಪ್ ಖೊಂಗ್ರೈಪ್ ಎಂಬ ಸಂಶೋಧಕರು ಯಂತ್ರವೊಂದನ್ನು ಬಿಚ್ಚಿ, ಫಲಿತಾಂಶವನ್ನು ತೋರಿಸುವ ಅಂಕಿಫಲಕವನ್ನೇ ಬದಲಿಸಿ, ಒಳಗಣ ಸಂಖ್ಯೆ ಒಂದಾದರೆ ಹೊರಗೆ ಇನ್ನೊಂದನ್ನು ಕಾಣಿಸಬಹುದೆಂದು ಪ್ರದರ್ಶಿಸಿದರು. ಮೊಹರು, ಕಾವಲು, ಪಕ್ಷಗಳ ಪ್ರತಿನಿಧಿಗಳೆದುರಿನ ಪರೀಕ್ಷೆ, ಇವುಗಳ ನಡುವೆ ಇರುವ ಯಂತ್ರಕ್ಕೆ ಹಾಗೆ ಕೈಹಾಕಲು ಅವಕಾಶವಿಲ್ಲವೆಂಬುದು ಚುನಾವಣಾ ಆಯೋಗದ ನಿಲುವು. ಆ ವಾದಪ್ರತಿವಾದಗಳ ತೂಕವನ್ನು ಇಲ್ಲಿ ನೋಡಬೇಕಾಗಿಲ್ಲ. ಪ್ರಕೃತ ವಿಷಯಕ್ಕೆ ಮುಖ್ಯವಾದದ್ದು, ಸಂಶಯವು ಬೆರಳಿಟ್ಟದ್ದು ಎಣಿಕೆಯ ಗಣಿತದ ಮೇಲಲ್ಲ, ಎಣಿಕೆಗೂ ಮನುಷ್ಯನ ಕಣ್ಣಿಗೂ ನಡುವಣ ಸಂಧಿಯ ಮೇಲೆ ಎಂಬುದು. ಕಾಗದದ ಸಾಕ್ಷಿಯು ನಿಷ್ಪಕ್ಷಪಾತವಾದ ಚುನಾವಣೆಗೆ ಅನಿವಾರ್ಯವೆಂದು ೨೦೧೩ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಅದೇ ವರ್ಷ ನಾಗಾಲ್ಯಾಂಡಿನ ನೋಕ್ಸೆನ್‌ನಲ್ಲಿ ಮೊದಲು ಬಳಕೆಯಾದ ವಿವಿಪ್ಯಾಟ್ ಎಂಬ ಮುದ್ರಕವು ೨೦೧೯ರ ಲೋಕಸಭಾ ಚುನಾವಣೆಯ ವೇಳೆಗೆ ಎಲ್ಲ ಮತಗಟ್ಟೆಗಳಿಗೂ ಬಂದಿತು. ಮತ ಬಿದ್ದೊಡನೆ ಅಭ್ಯರ್ಥಿಯ ಹೆಸರೂ ಚಿಹ್ನೆಯೂ ಇರುವ ಚೀಟಿಯು ಗಾಜಿನ ಹಿಂದೆ ಏಳು ಸೆಕೆಂಡು ನಿಂತು, ಬಳಿಕ ಕತ್ತರಿಸಿ ಪೆಟ್ಟಿಗೆಗೆ ಬೀಳುತ್ತದೆ. ವಿಧಾನಸಭಾ ಕ್ಷೇತ್ರವೊಂದಕ್ಕೆ ಐದು ಮತಗಟ್ಟೆಗಳ ಚೀಟಿಗಳನ್ನು ಯಂತ್ರದ ಎಣಿಕೆಯೊಡನೆ ಹೋಲಿಸಿ ನೋಡುವ ನಿಯಮವಿದೆ. ಸಂತೆಮರಹಳ್ಳಿಯ ಮತದಾರರಿಗೆ ೨೦೦೪ರಲ್ಲಿ ಇಂಥ ಚೀಟಿ ಇರಲಿಲ್ಲ; ೨೦೦೮ರ ವೇಳೆಗೆ ಕ್ಷೇತ್ರಗಳ ಪುನರ್ವಿಂಗಡಣೆಯಾಗಿ ಆ ಹೆಸರಿನ ಕ್ಷೇತ್ರವೇ ಇಲ್ಲವಾಯಿತು.

ಈ ಸಮೀಕ್ಷೆಯಿಂದ ನಾನು ಮುಟ್ಟುವ ನಿರ್ಣಯವು ಸರಳವಾದದ್ದು. ಗಣಕಕ್ಕೆ ಉಪಕರಣವನ್ನು ಜೋಡಿಸುವುದು ಇಂದು ಕಷ್ಟವಾಗಿ ಉಳಿದಿಲ್ಲ. ೨೦೦೫ರಲ್ಲಿ ಇಟಲಿಯ ಇವ್ರೇಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗೆಂದೇ ಹುಟ್ಟಿದ ಆರ್ಡುಯಿನೊ ಫಲಕದಂಥವು ಅಗ್ಗವಾಗಿ ಸಿಕ್ಕುತ್ತವೆ. ಪ್ರೌಢಶಾಲೆಯ ಹುಡುಗಿಯೊಬ್ಬಳು ಒಂದು ಮಧ್ಯಾಹ್ನದಲ್ಲಿ ಅದರಿಂದ ದೀಪ ಬೆಳಗಿಸಬಲ್ಲಳು. ಕಷ್ಟವಾದದ್ದೂ ಕಲಿಸಬೇಕಾದದ್ದೂ ಮುಂದಿನ ಹೆಜ್ಜೆ: ದೀಪವು ನಿಜವಾಗಿ ಬೆಳಗಿತೆಂಬುದನ್ನು ಬೆಳಕನ್ನು ಅರಿಯುವ ಇನ್ನೊಂದು ಅಂಗದಿಂದ ಅಳೆದು, ಬೆಳಗದಿದ್ದರೆ ಹಾಗೆಂದು ಹೇಳುವ ಪ್ರಾಮಾಣಿಕತೆಯನ್ನು ಯಂತ್ರಕ್ಕೆ ಕಟ್ಟಿಕೊಡುವುದು. ಹಾಲಿನ ಚೀಟಿ, ಮೋಟಾರಿನ ಮರುಸುದ್ದಿ, ಪಹಣಿಯ ಎರಡನೆಯ ತೆರೆ, ಮತದ ಕಾಗದ ಇವೆಲ್ಲವೂ ಆ ಪ್ರಾಮಾಣಿಕತೆಯ ನಾಲ್ಕು ರೂಪಗಳು. ನಮ್ಮ ತಾಲೂಕುಗಳ ವಿಜ್ಞಾನದ ಉಪಾಧ್ಯಾಯರು ಮಕ್ಕಳ ಕೈಗೆ ತಂತಿಯನ್ನು ಕೊಡುವಾಗ ಹೋಗುವ ತಂತಿಯೊಂದನ್ನೇ ಕೊಡದೆ ಮರಳಿ ಬರುವ ತಂತಿಯನ್ನೂ ಕೊಡಬೇಕೆಂದು ನಾನು ಬೇಡಿಕೊಳ್ಳುತ್ತೇನೆ.

ಓದುಗರಲ್ಲಿಯೂ ಒಂದು ಮಾತು. ಡೇರಿಯ ಚೀಟಿಯನ್ನು ಮಡಿಸಿ ಜೇಬಿಗಿಡುವ ಮುನ್ನ ಒಮ್ಮೆ ಓದಿರಿ. ಪಹಣಿಯ ಕಿಟಕಿಯಲ್ಲಿ ತೆರೆಯತ್ತ ನೋಡಿರಿ. ಮತಗಟ್ಟೆಯಲ್ಲಿ ಆ ಏಳು ಸೆಕೆಂಡುಗಳ ಕಾಲ ಗಾಜಿನ ಮೇಲೆ ಕಣ್ಣಿಟ್ಟು ನಿಲ್ಲಿರಿ. ಯಂತ್ರವು ಸಾಕ್ಷಿ ಹೇಳಿದರೂ ಕೇಳುವವರು ಇಲ್ಲವಾದರೆ ಅದು ವ್ಯರ್ಥ. ಸಂತೆಮರಹಳ್ಳಿಯಲ್ಲಿ ಅಂತರವು ಒಂದೇ ಒಂದು ಮತವಾಗಿತ್ತು.